ಅವ್ವನ ರಾಣಿ ಪಾರ್ಟು

ಕಾಳು ಬಿಡಿಸಿದ ಗೋವಿನಜೋಳದ ಬೆಂಡು ಉರಿಯುವಾಗ ಒಂದು ವಾಸನೆ ಬರುತ್ತದೆ, ಅರ್ಧ ಸಿಹಿ, ಅರ್ಧ ಕಮಟು. ಶಿಗ್ಗಾಂವಿಯಲ್ಲಿ ನಾನಿರುವ ಬಾಡಿಗೆ ಮನೆಯ ಹಿಂದೆ ಯಾರೋ ಇವತ್ತು ನೀರು ಕಾಯಿಸಲು ಬೆಂಡು ಹಚ್ಚಿದ್ದಾರೆ. ಕಿಟಕಿ ಹಾಕಲೆಂದು ಎದ್ದವಳು ಹಾಕದೆ ಅಲ್ಲೇ ನಿಂತೆ. ಮಾಸೂರಿನ ನಮ್ಮ ಮನೆಯಲ್ಲಿ ಸುಗ್ಗಿ ಮುಗಿದ ಮೇಲೆ ಒಲೆಗೆ ಇದೇ ಉರಿ. ಮನೆಯೆಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ನಡುವೆ ಹೊಗೆಗೆ ಕಪ್ಪಾದ ಒಂದು ಕಂಬ. ಇದ್ದವರು ಅವ್ವ ಮತ್ತು ನಾನು. ನನಗೆ ಬುದ್ಧಿ ಬರುವ ಮೊದಲೇ ಅಪ್ಪ ತೀರಿಕೊಂಡಿದ್ದ. ಕೆರೆಯ ಕೆಳಗಿನ ಹೊಲಗಳಲ್ಲಿ ಕೂಲಿ ಮುಗಿಸಿ ಅವ್ವ ಬಂದು ಒಲೆ ಹಚ್ಚಿದರೆ, ನಮ್ಮಲ್ಲಿ ಮಾತಿಗಿಂತ ಬೆಂಡು ಚಟಗುಟ್ಟುವ ಸದ್ದೇ ಹೆಚ್ಚು. ಇಂಥ ಒಲೆಯ ಮುಂದೆ ನೀವೂ ಕೂತವರಾದರೆ ಆ ಮೌನ ನಿಮಗೂ ಗೊತ್ತಿರುತ್ತದೆ.

ನಾಲ್ಕನೇ ತರಗತಿಗೆ ಬಂದರೂ ನನಗೆ ಓದಲು ಬರುತ್ತಿರಲಿಲ್ಲ. ಒತ್ತಕ್ಷರ ಕಂಡರೆ ಬಾಯಿ ಕಟ್ಟುತ್ತಿತ್ತು. ಶಾಲೆಯ ಅಕ್ಕೋರು, ಅಂದರೆ ನಮ್ಮ ಟೀಚರು, ಆ ವರ್ಷದ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ತಾಯಂದಿರಿಂದ ನಾಟಕ ಮಾಡಿಸುವ ಹಟ ಹಿಡಿದರು. ಅದೂ ಓದು ಬಾರದ ತಾಯಂದಿರನ್ನೇ ಹುಡುಕಿ ಹುಡುಕಿ ಆರಿಸಿದರು. ಅವರ ಮಕ್ಕಳೆಲ್ಲ ನನ್ನಂತೆ ಹಿಂದಿನ ಸಾಲಿನವರು. ಪಾರ್ಟಿನ ಹಾಳೆಗಳನ್ನು ನಮ್ಮ ಕೈಗೇ ಕೊಟ್ಟು, "ನೀವು ಓದಿ ಹೇಳ್ರಿ, ಅವ್ವಂದಿರು ಕಲೀತಾರ. ಶನಿವಾರದ ತಾಲೀಮಿಗೆ ಬಾಯಿಪಾಠ ಆಗಿರ್ಲಿಲ್ಲಂದ್ರ ಪಾರ್ಟು ಬ್ಯಾರೇದವ್ರಿಗೆ" ಎಂದರು. ಅವ್ವನಿಗೆ ಬಂದದ್ದು ಮಗನನ್ನು ಕಳೆದುಕೊಂಡ ರಾಣಿಯ ಪಾರ್ಟು. ಕೂಲಿಯವಳು ರಾಣಿಯಂತೆ ಎಂದು ಓಣಿಯಲ್ಲಿ ನಕ್ಕವರಿದ್ದರು. ಅವ್ವ ಮನೆಗೆ ಬಂದು, "ಒಂದ್ಸಲನಾರ ಮಂದಿ ಮುಂದ ನಿಂತು ಗಟ್ಟಿ ಮಾತಾಡ್ಬೇಕಂತ ಆಸೆ ಐತಿ. ನೀ ಕೈ ಬಿಡಬ್ಯಾಡ ಮತ್ತ" ಎಂದಳು. ನಾನು ಹಾಳೆ ಬಿಚ್ಚಿ ನೋಡಿದೆ, ಸಾಲುಸಾಲಿಗೂ ಒತ್ತಕ್ಷರ.

ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ಕೂಡಿಸುತ್ತಿದ್ದೆ. ಒತ್ತಕ್ಷರದ ಹತ್ತಿರ ನಾನು ನಿಂತರೆ ಅವಳ ಕೈಯೂ ಹಿಟ್ಟಿನ ಮೇಲೆ ನಿಲ್ಲುತ್ತಿತ್ತು. ಬೈಯುತ್ತಿರಲಿಲ್ಲ, ಅವಸರ ಮಾಡುತ್ತಿರಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ನನ್ನ ಮಾತಿಗಾಗಿ ಯಾರಾದರೂ ಹಾಗೆ ಕಾದದ್ದು ಅದೇ ಮೊದಲು. ಹೇಗೋ ಮಾಡಿ ನಾನು ಸಾಲು ಮುಗಿಸಿದರೆ, ಅವಳು ಹಿಟ್ಟಿನ ಕೈಯಲ್ಲೇ ಎದ್ದು ನಿಂತು, ಕಂಬವನ್ನು ಮಂತ್ರಿ ಮಾಡಿಕೊಂಡು, ಅದನ್ನೇ ಹೇಳುವಳು. ನಾನು ಚೂರುಚೂರಾಗಿ ಓದಿದ್ದು ಅವಳ ಬಾಯಲ್ಲಿ ಇಡೀ ಮಾತಾಗಿ ಬಂದಾಗಲೇ ನನಗೆ ಅರ್ಥವಾಗುತ್ತಿದ್ದದ್ದು. ಮರುದಿನ ಆ ಸಾಲನ್ನು ತಡವರಿಸದೆ ಓದುತ್ತಿದ್ದೆ.

ಶನಿವಾರ ಅವ್ವ ಸೆರಗು ಸರಿಮಾಡಿಕೊಂಡು ಎಲ್ಲರ ನಡುವೆ ನಿಂತು ಗಟ್ಟಿಯಾಗಿ ಶುರು ಮಾಡಿದಳು: "ನಿಟ್ಟುಸಿರು ಬಿಟ್ಟು, ಕಣ್ಣೊರೆಸಿಕೊಳ್ಳುತ್ತಾ, ಮಗನೇ, ನೀನಿಲ್ಲದ ಈ ರಾಜ್ಯ ನನಗೇಕೆ?" ಹೇಗೆ ನಟಿಸಬೇಕೆಂದು ಕಂಸದೊಳಗೆ ಬರೆದದ್ದನ್ನೂ ನಾನು ಓದಿ ಕಲಿಸಿಬಿಟ್ಟಿದ್ದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಪಾರ್ಟು ಹೋಯಿತೆಂದು ನಾನು ಬಾಗಿಲ ಹಿಂದೆ ಸರಿದೆ. ನಗು ಯಾಕೆಂದು ಗೊತ್ತಾದ ಮೇಲೆ ಅವ್ವ ಅಕ್ಕೋರಿಗೆ ಹೇಳಿದಳು, "ಬರ್ದದ್ದು ಒಂದೂ ಬಿಡದಂಗ ಓದ್ಯಾಳ್ರಿ ನಮ್ಮ ಹುಡುಗಿ." ಅಕ್ಕೋರು ನಗು ನಿಲ್ಲಿಸಿ ನನ್ನನ್ನು ಹುಡುಕಿದರು. ಪಾರ್ಟು ಅವ್ವನ ಹತ್ತಿರವೇ ಉಳಿಯಿತು. ಗ್ಯಾದರಿಂಗಿನ ದಿನ ರಟ್ಟಿನ ಕಿರೀಟ ಇಟ್ಟುಕೊಂಡು ಅವಳು ಬಿಟ್ಟ ನಿಟ್ಟುಸಿರು ಕಟ್ಟಕಡೆಗೆ ಕೂತವರಿಗೂ ಕೇಳಿಸಿತು.

ಓದು ಬಂದದ್ದು ಹಾಗೆ. ಮುಂದೆ ಅದೇ ಓದು ನನ್ನನ್ನು ಶಿಗ್ಗಾಂವಿಯ ಹಾಸ್ಟೆಲಿಗೆ ಕರೆತಂದಿತು. ಅಲ್ಲಿ ಬಾಯಿಬಿಟ್ಟು ಓದಿದರೆ ಪಕ್ಕದವರು ಗದರುತ್ತಿದ್ದರು, ಹಾಗಾಗಿ ಮನಸ್ಸಿನಲ್ಲೇ ಓದುವುದನ್ನು ಕಲಿತೆ. ರಜೆಗೆ ಊರಿಗೆ ಬಂದು ಕಂಬಕ್ಕೊರಗಿ ಪುಸ್ತಕ ಹಿಡಿದರೆ ಅವ್ವ ನನ್ನ ಮುಖ ನೋಡುವಳು.

"ಏನೈತಿ ಅದ್ರಾಗ?"

"ಏನಿಲ್ಲವಾ, ಹಂಗ ಒಂದು ಕತಿ."

ನಾನು ಹಾಳೆ ತಿರುವುತ್ತಿದ್ದೆ. ಒಂದೇ ಒಲೆಯ ಮುಂದೆ ಕೂತು ನಾನೊಬ್ಬಳೇ ಎಲ್ಲಿಗೋ ಹೋಗಿರುತ್ತಿದ್ದೆ, ಅವಳೊಬ್ಬಳೇ ಅಲ್ಲಿ ಉಳಿದಿರುತ್ತಿದ್ದಳು.

ನನಗೆ ನೌಕರಿಯಾಗಿ, ಅವಳು ಕೂಲಿ ಬಿಟ್ಟ ಮೇಲೆ, ನಿನಗೂ ಓದಲು ಕಲಿಸುತ್ತೇನೆ, ಹೊತ್ತು ಹೋಗುತ್ತದೆ ಎಂದೆ. ಅವ್ವ "ಬ್ಯಾಡವಾ" ಎಂದಳು. ಯಾಕೆಂದು ಕೇಳಿದೆ. "ನಾ ಕಲ್ತರ, ನನ್ನ ಮುಂದ ಓದಾಕ ನೀ ಯಾಕ ಬರ್ತಿ?" ಆ ಸಂಜೆ ಒಂದು ಕತೆ ಓದಲು ಕೂತೆ. ಪ್ರತಿ ಸಾಲನ್ನೂ ಅವಳು ತುಟಿಯಲ್ಲೇ ತಿರುಗಿ ಹೇಳಿಕೊಂಡಳು. ನಡುವೆ ಅವಳಿಗೆ ಜೊಂಪು ಹತ್ತಿತು, ಉಳಿದದ್ದು ಮುಂದಿನ ಸಲಕ್ಕಿರಲಿ ಎಂದು ಮಡಚಿಟ್ಟೆ. ಮುಂದಿನ ಸಲ ನಾನು ಊರಿಗೆ ಹೋದದ್ದು ಅವಳ ಮಣ್ಣಿಗೆ. ಮನೆ ಈಗ ಬೇರೆಯವರದು, ಒಲೆಯಿದ್ದ ಕಡೆ ಅವರು ಬೈಕು ನಿಲ್ಲಿಸುತ್ತಾರೆ. ಆ ಪುಸ್ತಕ ಮಾತ್ರ ನನ್ನ ಹತ್ತಿರವಿದೆ. ಉಳಿದಿರುವುದು ಕೆಲವೇ ಪುಟ, ಮನಸ್ಸಿನಲ್ಲಿ ಓದಿದರೆ ಎಷ್ಟು ಹೊತ್ತಿನ ಕೆಲಸ. ನಾನಿನ್ನೂ ಓದಿಲ್ಲ.