ಅಮಾವಾಸ್ಯೆ ದಿನ ಬಡಿದ ಮಗ್ಗ

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಹೆದರಿದವನ ಮೇಲೆ ಹಾವೆಸೆಯುವುದೇ ಇವರ ಕಸುಬು ಎನ್ನುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ ಒಂದೇ. ಮೊದಲು ಅಣ್ಣ ನೇಯುತ್ತಿದ್ದ. ಏಡ್ಸ್ ಅವನ ಜೀವಕ್ಕಿಂತ ಮೊದಲು ಕಣ್ಣು ಕಿತ್ತುಕೊಂಡಿತು. "ಕಣ್ಮುಂದೆ ಹುಳ ಹಾರ್ದಂಗೆ ಆಗ್ತೈತೆ ಕಣ್ಲೇ" ಎಂದಿದ್ದ. ಧೂಳಿರಬೇಕೆಂದು ನೀರು ಹಾಕಿ ತೊಳೆದೆವು. ಅವನು ಹೋದ ಮೇಲೆ ಅದೇ ಸೋಂಕು ನನಗೂ ಇದೆಯೆಂದು ತಿಳಿಯಿತು. ಮಾತ್ರೆ ಇನ್ನೂ ಶುರುವಾಗಿರಲಿಲ್ಲ. ಸಾಯುವುದಕ್ಕಿಂತ ಕಣ್ಣು ಹೋಗುವುದೇ ನನಗೆ ದೊಡ್ಡ ಭಯವಾಗಿತ್ತು.

ಅಮಾವಾಸ್ಯೆ ದಿನ ನಾವು ಮಗ್ಗ ಮುಟ್ಟುವುದಿಲ್ಲ. ಅಂಥದೊಂದು ಮಧ್ಯಾಹ್ನ ಹೆಂಡತಿ ಗಂಗಮ್ಮ ಕೊಂಡ್ಲಹಳ್ಳಿಯ ತವರಿಗೆ ಹೋಗಿದ್ದಳು. ಜಗಲಿಯಲ್ಲಿದ್ದ ನನಗೆ ಒಳಗೆ ಮಗ್ಗ ಬಡಿಯುವ ಸದ್ದು ಕೇಳಿತು. ಒಂದೇಟು ಜೋರು, ಹಿಂದೆಯೇ ಇನ್ನೊಂದು ಮೆಲ್ಲಗೆ. ಹಾಗೆ ಬಡಿಯುತ್ತಿದ್ದವನು ಅಣ್ಣ ಒಬ್ಬನೇ.

ಒಳಗೆ ಹೋದೆ. ಯಾರೂ ಇರಲಿಲ್ಲ. ಮಗ್ಗಕ್ಕೆ ಹೊದಿಸಿದ್ದ ಬಟ್ಟೆ ಮಾತ್ರ ಜಾರಿ ಬಿದ್ದಿತ್ತು. ಎತ್ತಿ ಕೊಡವಿದಾಗ ಬಲಗಣ್ಣಿಗೆ ಧೂಳು ಬಿತ್ತು. ಅದನ್ನು ಉಜ್ಜುತ್ತಾ ಎಡಗಣ್ಣಲ್ಲಿ ಸೀರೆಯ ಅಂಚು ನೋಡಿದೆ. ನವಿಲಿನ ಸಾಲಿನಲ್ಲಿ ಒಂದು ನವಿಲೇ ಇರಲಿಲ್ಲ. ಬೆರಳಾಡಿಸಿದರೆ ಜರಿ ಕೈಗೆ ಸಿಕ್ಕಿತು. ನವಿಲು ಅಲ್ಲೇ ಇತ್ತು, ಹೋಗಿದ್ದು ನನ್ನ ಕಣ್ಣು. ದಿನವೂ ಎರಡೂ ಕಣ್ಣು ತೆರೆದು, ಕೈಯ ರೂಢಿಯಲ್ಲಿ ನೇಯುತ್ತಿದ್ದವನಿಗೆ ಅದು ತಿಳಿದೇ ಇರಲಿಲ್ಲ.

ಕೂಡಲೇ ಚಳ್ಳಕೆರೆ ಬಸ್ಸು ಹತ್ತಿದೆ. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿದರು. "ಮೈಯಲ್ಲಿ ಶಕ್ತಿ ಕುಂದಿದಾಗ ಒಳಗೆ ಮಲಗಿದ್ದ ವೈರಸ್ ಏಳ್ತದೆ. ಕಣ್ಣಿನ ಹಿಂದಿನ ಪದರ ತಿಂತಾ ಇದೆ. ಹೋಗಿದ್ದು ಬರಲ್ಲ, ಉಳಿದಿದ್ದು ಉಳಿಸ್ಕೋಬಹುದು" ಎಂದು ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಕಣ್ಣಿಗೇ ಸೂಜಿ ಚುಚ್ಚಿದರು. ಏಡ್ಸಿನ ಮಾತ್ರೆಯೂ ಶುರುವಾಯಿತು. ಎಡಗಣ್ಣಿನ ಕತ್ತಲೆ ಹೋಗಲಿಲ್ಲ, ಆದರೆ ಬೆಳೆಯಲೂ ಇಲ್ಲ. ಬಲಗಣ್ಣಿನ ಹತ್ತಿರಕ್ಕೆ ಅದು ಸುಳಿಯಲೇ ಇಲ್ಲ.

ಆ ಸೀರೆಯನ್ನು ನಾನೇ ನೇಯ್ದು ಮುಗಿಸಿದೆ. ಗಂಗಮ್ಮ ಅದನ್ನು ಉಟ್ಟು ಕೇರಿಯೆಲ್ಲ ತಿರುಗಿ ಬಂದಳು. ನನ್ನ ಹಿಗ್ಗು ಹೇಳತೀರದು. ಅಂದಿನ ಮಗ್ಗದ ಸದ್ದಿನ ಮಾತೆತ್ತಿದರೆ "ಇಲಿ ಓಡಾಡಿರ್ಬೇಕು ಬಿಡ್ರಿ" ಎಂದು ಅವಳು ಈಗಲೂ ಛೇಡಿಸುತ್ತಾಳೆ. ಇಲಿಗೆ ಅಣ್ಣನ ಕೈ ಹೇಗೆ ಬಂತು ಎಂದು ನಾನು ಕೇಳುತ್ತೇನೆ.

ಅಮಾವಾಸ್ಯೆ ಬಂದರೆ ಮಗ್ಗದ ಮುಂದೆ ಕೂತು, ಒಂದೊಂದೇ ಕಣ್ಣು ಮುಚ್ಚಿ ಅಂಚು ನೋಡುತ್ತೇನೆ. ಬಲಗಣ್ಣಲ್ಲಿ ನೋಡುವ ಸರದಿ ಬಂದಾಗ ಖಾಲಿ ಮನೆಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತೇನೆ: "ಎಲ್ಲಾ ಕಾಣ್ತಾವೆ ಕಣಣ್ಣಾ."