ಒಂದು ಹೊಡೆತದ ದಂಡ

ನನಗೆ ಗಾಲ್ಫ್ ಹಚ್ಚಿದವರು ಜಹೀರಾಬಾದಿನ ಒಬ್ಬ ಡಾಕ್ಟರು. ಬಿಪಿ ನೋಡುವ ಪಟ್ಟಿಯನ್ನು ನನ್ನ ತೋಳಿನಿಂದ ಬಿಚ್ಚುತ್ತಾ, "ಮಾಸ್ತರ, ಮುಂಜಾನೆ ಎದ್ದು ಏನ್ ಮಾಡ್ತೀರಿ?" ಅಂದರು.

"ಸುದ್ದಿ ನೋಡ್ತೀನ್ರಿ."

"ಮೊದಲ ಅದನ್ನ ಬಂದ್ ಮಾಡ್ರಿ. ಏನಾರ ತಣ್ಣಂದು ನೋಡ್ರಿ."

ನಾನು ಹುಟ್ಟಾ ಚಿಂತೆಗಾರ. ತಣ್ಣಗಿರುವುದು ಯಾವುದು ಎಂದು ಹುಡುಕುವುದೇ ಹೊಸ ಚಿಂತೆಯಾಗಿ ನಾಲ್ಕು ದಿನ ಚಾನೆಲ್ ತಿರುವಿದೆ. ಐದನೆಯ ದಿನ ಒಂದು ಹಸಿರು ಬಯಲು ಬಂತು. ಯಾರೂ ಕೂಗುತ್ತಿರಲಿಲ್ಲ, ಯಾರೂ ಓಡುತ್ತಿರಲಿಲ್ಲ. ಟಿವಿ ಕೆಟ್ಟಿದೆ ಎಂದುಕೊಂಡು ನನ್ನ ಹೆಂಡತಿ ರಿಮೋಟಿನ ಬೆನ್ನಿಗೆ ಎರಡು ಪೆಟ್ಟು ಕೊಟ್ಟಳು. ಅದು ಆಟ ಎಂದು ತಿಳಿದ ಮೇಲೆ, "ಇಷ್ಟು ದೊಡ್ಡ ಹೊಲ! ಜ್ವಾಳ ಬಿತ್ತಿದ್ರ ಒಂದು ಊರು ಉಣ್ತಿತ್ತು. ಇವ್ರು ಹುಲ್ಲು ಬೆಳಸಿ ಅದ್ರಾಗ ಗುಂಡು ಹುಡಕ್ತಾರ" ಎಂದು ಒಳಗೆ ಹೋದಳು.

ನಾನು ನ್ಯಾಲ್ಕಲ್ ಕಡೆಯ ಒಂದು ಹಳ್ಳಿಯ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಆಟದ ಮಾಸ್ತರ. ಮನೆ ಜಹೀರಾಬಾದಿನಲ್ಲಿ, ದಿನಾ ಜೀಪಿನಲ್ಲಿ ಜೋತುಬಿದ್ದು ಹೋಗಿಬರುವವನು. ಖೋಖೋ, ಕಬಡ್ಡಿ ಕಲಿಸುತ್ತಾ ತಲೆ ಬೆಳ್ಳಗಾಯಿತು. ಗಾಲ್ಫ್ ಚೆಂಡನ್ನು ಇವತ್ತಿಗೂ ಕೈಯಲ್ಲಿ ಹಿಡಿದು ನೋಡಿಲ್ಲ.

ಆ ಬಯಲಿನಲ್ಲಿ ಒಬ್ಬ ಅಮೆರಿಕದ ಹೆಣ್ಣುಮಗಳು ಆಡುತ್ತಿದ್ದಳು. ಹೊಡೆಯುವ ಮುನ್ನ ನಾಲಗೆಯಿಂದ ತುಟಿ ಒದ್ದೆ ಮಾಡಿಕೊಳ್ಳುವಳು, ಚೆಂಡನ್ನು ನೋಡುವಳು, ಗಾಳಿಯನ್ನು ನೋಡುವಳು, ಮತ್ತೆ ಚೆಂಡನ್ನು ನೋಡುವಳು. ಹೊಡೆದ ಮೇಲೂ ಅನುಮಾನ ಬಿಡದ ಮುಖ. ನೋಡಿದ ಕೂಡಲೇ ಗುರುತು ಸಿಕ್ಕಿತು: ಇವಳು ನಮ್ಮ ಜಾತಿ, ಚಿಂತೆಯ ಜಾತಿ. ಅವತ್ತಿನಿಂದ ನಾನು ಅವಳ ಪಕ್ಷ. ಆದರೆ ಗಾಲ್ಫಿನಲ್ಲಿ ಕಡಿಮೆ ಹೊಡೆತಕ್ಕೆ ಮುಗಿಸಿದವರು ಗೆಲ್ಲುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಎರಡು ವಾರ, ಪಾಪ ಎಲ್ಲರಿಗಿಂತ ಹಿಂದೆ ಬಿದ್ದಿದ್ದಾಳೆ ಎಂದು ಸಂಕಟಪಟ್ಟೆ. ಆ ಎರಡು ವಾರವೂ ಅವಳು ಗೆಲ್ಲುತ್ತಿದ್ದಳು. ನನ್ನ ಚಿಂತೆಗಳ ಲೆಕ್ಕ ತೆಗೆದರೆ ಮುಕ್ಕಾಲು ಪಾಲು ಹೀಗೇ ಹಾಳಾದವು.

ಅವಳ ಕತೆಯನ್ನು ಟಿವಿಯೇ ತುಂಡು ತುಂಡಾಗಿ ಹೇಳಿತು. ಅಪ್ಪ ಯಾವುದೋ ಸಣ್ಣ ಊರಿನ ಆಟದ ಬಯಲಲ್ಲಿ ಹುಲ್ಲು ಕತ್ತರಿಸುವವನು. ಮುರಿದ ಕೋಲೊಂದನ್ನು ಮಗಳ ಎತ್ತರಕ್ಕೆ ಕಡಿದು ಕೊಟ್ಟಿದ್ದನಂತೆ. ಇಪ್ಪತ್ತು ತುಂಬುವ ಮೊದಲೇ ಅದನ್ನೇ ವೃತ್ತಿ ಮಾಡಿಕೊಂಡಳು. ಬಂದ ವರ್ಷವೇ ಗೆದ್ದಳು. ಆಮೇಲೆ ಕೆಲವು ವರ್ಷ ಏನೂ ಇಲ್ಲ. ದೂರದ ಹೊಡೆತ ಸರಿ, ಗುಂಡಿಯ ಬಾಯಿಗೆ ಮೊಳ ದೂರ ಇದ್ದಾಗ ಚೆಂಡು ಪಕ್ಕಕ್ಕೆ ಹೊರಳುವುದು. ಎಲ್ಲರೂ ಮುಗಿಯಿತು ಅಂದರು. ಮುಗಿಯಲಿಲ್ಲ. ಒಂದು ವರ್ಷ ಎದ್ದು ಬಂದಳು ನೋಡಿ, ಸಾಲಾಗಿ ಗೆದ್ದು ಬಹುಮಾನದ ಕಪ್ಪು ಎತ್ತಿದಳು. ಬೆನ್ನಿನ ಆಪರೇಷನ್ ಆಯಿತು, ಕೂಸು ಆಯಿತು, ಮತ್ತೆ ಬಂದಳು. ಹೆಂಗಸರ ಆಟದಲ್ಲಿ ಎಲ್ಲಕ್ಕಿಂತ ದೊಡ್ಡದೆನ್ನುವ ಒಂದು ಕಪ್ಪು ಮಾತ್ರ ಕೈಗೆ ಬಂದಿರಲಿಲ್ಲ.

ಆ ಕಪ್ಪಿನ ಕಡೆಯ ದಿನದ ಆಟವನ್ನು ನಾನು ನೋಡಿದ್ದೇನೆ. ಅವಳೇ ಮುಂದಿದ್ದಳು. ಚೆಂಡು ಒಂದು ಮರದ ಬಗಲಿಗೆ, ಉದ್ದ ಹುಲ್ಲಿನಲ್ಲಿ ಬಿದ್ದಿತ್ತು. ಕೋಲನ್ನು ಚೆಂಡಿನ ಹಿಂದೆ ಇಟ್ಟವಳು ಥಟ್ಟನೆ ಹಿಂದೆ ಸರಿದು ಕೈ ಎತ್ತಿದಳು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ಕ್ಯಾಮೆರಾ ಮೂರು ಸಲ ತೋರಿಸಿತು, ಏನೂ ಕಾಣಲಿಲ್ಲ. ಅವಳು ಅಂಪೈರನ್ನು ಕರೆದು ಹೇಳಿದ್ದು ಇಷ್ಟೇ: ಚೆಂಡು ಅಲ್ಲಾಡಿತು, ನನ್ನಿಂದ ಅಲ್ಲಾಡಿತು. ಅದಕ್ಕೆ ಒಂದು ಹೊಡೆತದ ದಂಡ. ಒಂದೇ ಹೊಡೆತದಿಂದ ಸೋತಳು. ಆ ಕಪ್ಪು ಕಡೆಗೂ ಅವಳ ಕೈಗೆ ಬರಲೇ ಇಲ್ಲ.

ನಾನು ಸೋಫಾದ ಮೇಲೆ ಕೂತು ಅಳುತ್ತಿದ್ದೆ. ಚಹಾ ತಂದ ಹೆಂಡತಿ ಗಾಬರಿಯಾಗಿ, "ಯಾರ್ ಹೋದ್ರು?" ಅಂದಳು.

ಅವತ್ತು ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಭಾಷಣ ಮಾಡಿದೆ. ಸತ್ಯ, ಕ್ರೀಡಾಪಟು, ಯಾರೂ ನೋಡದಿದ್ದಾಗಲೂ ಕೈ ಎತ್ತುವುದು. ಎಷ್ಟು ಉದ್ದವಾಯಿತೆಂದರೆ ಬಿಸಿಲಿಗೆ ಇಬ್ಬರು ಕೂತೇಬಿಟ್ಟರು. ಎದುರಿನ ಸಾಲಿನಲ್ಲಿ ಒಂಬತ್ತನೆಯ ತರಗತಿಯ ಒಬ್ಬಳು ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು.

ಅವಳು ನಮ್ಮ ಶಾಲೆಯ ಚಕ್ರ ಎಸೆಯುವ ಹುಡುಗಿ. ಊರ ಬೌದ್ಧರ ಓಣಿಯವಳು, ತಾಯಿ ಕೂಲಿಗೆ ಹೋಗುವವಳು. ಚಿಕ್ಕಂದಿನಿಂದ ಬೇರೆಯವರ ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತಾ ಕವಣೆ ಬೀಸಿ ಬೀಸಿ ಅವಳ ತೋಳಿಗೆ ಆ ಬಲ ಬಂದಿತ್ತು. ನಾನು ಕಲಿಸಿದ್ದು ಕಡಿಮೆ, ಕಲಿಸಿದೆ ಎಂದು ಹೇಳಿಕೊಂಡದ್ದು ಜಾಸ್ತಿ. ನಮ್ಮ ಶಾಲೆಯಲ್ಲಿದ್ದದ್ದು ಅಂಚು ಒಡೆದ ಒಂದೇ ಮರದ ಚಕ್ರ. ಅದನ್ನು ಅವಳು ಎಸೆದರೆ ತರಲು ಇಬ್ಬರು ಮಕ್ಕಳು ಬೇಲಿಯ ಆಚೆಗೇ ನಿಂತಿರುತ್ತಿದ್ದರು.

ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಇತ್ತು, ಹದಿನಾಲ್ಕರ ಒಳಗಿನವರಿಗೆ. ಸೀಟು ಸಿಕ್ಕರೆ ಊಟ, ವಸತಿ, ಕೋಚು, ಮುಂದಿನ ಓದು ಎಲ್ಲಾ ಅಲ್ಲೇ. ತಾಯಿ ನನಗೆ ನೇರವಾಗಿಯೇ ಹೇಳಿದ್ದಳು: "ಸೀಟ್ ಸಿಕ್ರ ಓದ್ತಾಳ್ರಿ ಸರ್. ಇಲ್ಲಂದ್ರ ಹತ್ತನೇತ್ತಾ ಆದಮ್ಯಾಲ ನನ್ ಸಂಗಾಟ ಹೊಲಕ್ಕ ಬರ್ತಾಳ. ನನ್ ಕೈಲಿ ಇಷ್ಟೇ ಆಗ್ತದ."

ಆ ವರ್ಷ ಯಾಕೋ ನಮ್ಮ ಕಡೆಯವರಿಗೂ ತಾಂಡೂರಿನಲ್ಲೇ ಆಯ್ಕೆ ಇಟ್ಟಿದ್ದರು. ಬಸ್ಸಿನಲ್ಲಿ ಹುಡುಗಿ ಕಿಟಕಿಗೆ ಕೂತಿದ್ದಳು, ನಾನು ಬಸ್ಸು ಕೆಟ್ಟರೆ, ಮಳೆ ಬಂದರೆ, ಸರ್ಟಿಫಿಕೇಟ್ ಕಳೆದರೆ ಎಂದು ಒಂದೊಂದೇ ಚಿಂತೆ ಮಾಡುತ್ತಾ ಹೋದೆ. ಬಸ್ಸು ಕೆಡಲಿಲ್ಲ. ಸುತ್ತ ಫರ್ಸಿ ಕಲ್ಲಿನ ಚಪ್ಪಡಿ ನೆಟ್ಟ ಬಯಲಿನಲ್ಲಿ ಅವಳ ಮೊದಲ ಎಸೆತ ಗೆರೆಯ ಹೊರಗೆ ಹೋಯಿತು. ಎರಡನೆಯದು ಎಷ್ಟು ದೂರ ಬಿತ್ತೆಂದರೆ ಅಳೆಯುವ ಟೇಪಿನವನು ಮೊದಲು ತಪ್ಪು ಕಡೆ ಹೊರಟಿದ್ದ.

ಆಮೇಲೆ ಮೇಜಿಗೆ ಕರೆದರು. ಆಯ್ಕೆ ನಡೆಸುವ ಸಾಹೇಬರು ಮುಂದೆ ಬಂದ ಮಕ್ಕಳ ಜನ್ಮದಿನದ ಕಾಗದ ಹರಡಿ ಕೂತಿದ್ದರು. ಪ್ರತಿ ಮಾಸ್ತರನೂ ಒಂದು ದಸ್ಕತ್ತು ಹಾಕಬೇಕು, ನನಗೆ ತಿಳಿದ ಮಟ್ಟಿಗೆ ಈ ತಾರೀಖು ಖರೆ ಎಂದು. ನನ್ನ ಮುಂದೆ ನಾರಾಯಣಖೇಡದ ಕಡೆಯ ಒಬ್ಬ ಮಾಸ್ತರ ನಿಂತಿದ್ದ. ಅವನ ಹುಡುಗಿ ನನಗಿಂತ ಗೇಣು ಎತ್ತರ.

"ಇಕಿಗಿ ಹದಿಮೂರು?" ಅಂದೆ.

"ಜೂನ್ ಒಂದಕ್ಕ ಹುಟ್ಟ್ಯಾಳಪಾ. ನಮ್ ಸಾಲಿ ಮಂದಿ ಎಲ್ಲಾ ಜೂನ್ ಒಂದಕ್ಕೇ ಹುಟ್ತಾರ. ಆ ದಿನ ದವಾಖಾನ್ಯಾಗ ನಿಂದ್ರಾಕ ಜಾಗಾ ಇರಂಗಿಲ್ಲ," ಎಂದು ನಗುತ್ತಾ ಪೆನ್ನು ನನ್ನ ಕೈಗೆ ಕೊಟ್ಟ.

ನಮ್ಮ ಹುಡುಗಿಯ ಕಾಗದದಲ್ಲೂ ಜೂನ್ ಒಂದೇ ಇತ್ತು. ಆ ತಾರೀಖು ಸುಳ್ಳು ಎಂದು ನನಗೆ ಗೊತ್ತಿತ್ತು. ಯಾಕೆಂದರೆ ಅದನ್ನು ಬರೆದವನು ನಾನೇ. ನಮ್ಮಲ್ಲಿ ಸಣ್ಣ ಶಾಲೆ, ಹೈಸ್ಕೂಲು ಒಂದೇ ಕಂಪೌಂಡು. ಜೂನಿನಲ್ಲಿ ಮಕ್ಕಳನ್ನು ಸೇರಿಸುವಾಗ ಅಕ್ಷರ ದುಂಡಗಿದೆ ಎಂದು ರಿಜಿಸ್ಟರನ್ನು ನನ್ನ ಮುಂದೆ ದೂಡುತ್ತಿದ್ದರು. ತಾಯಿ ಈ ಮಗಳನ್ನು ತಡವಾಗಿ ಕರೆತಂದಿದ್ದಳು. ಸಣ್ಣ ಕೂಸನ್ನು ಆಡಿಸಲು ಮನೆಯಲ್ಲಿ ಇಟ್ಟುಕೊಂಡಿದ್ದಳಂತೆ. "ನಮ್ ವಿಹಾರದ್ದು ಬುನಾದಿ ಕಲ್ಲು ಇಟ್ಟ ದಿನಾ ಹುಟ್ಟ್ಯಾಳ್ರಿ," ಎಂದು ಹೆಮ್ಮೆಯಿಂದ ಹೇಳಿದ್ದಳು. ಆ ಕಲ್ಲಿನ ಮೇಲೆ ತಾರೀಖು ಕೆತ್ತಿದೆ, ಜೀಪು ದಿನಾ ಅದರ ಮುಂದೆಯೇ ನಿಲ್ಲುತ್ತದೆ. ಆದರೆ ಆರೂವರೆ ವರ್ಷ ಎಂದು ಬರೆದರೆ ಯಾಕೆ ತಡ ಎಂದು ಇನ್ನೊಂದು ಕಾಗದ ಬರೆಯಬೇಕಿತ್ತು. ಮೇಲಿನವರು ಕೇಳಿದರೆ ಏನು ಹೇಳುವುದು ಎಂಬ ಚಿಂತೆ ಬೇರೆ. ಐದು ಎಂದು ಹಿಡಿದು ಜೂನ್ ಒಂದು ಎಂದು ದುಂಡಗೆ ಬರೆದಿದ್ದೆ.

ಪೆನ್ನು ಹಿಡಿದು ನಿಂತಾಗ ನನಗೆ ಆ ಉದ್ದ ಹುಲ್ಲು, ಆ ಮರ ಕಂಡವು. ಎದೆ ಉಬ್ಬಿತು. ಹೇಳಲು ನಾಚಿಕೆ, ನಾನು ನಿಜಕ್ಕೂ ಕೈ ಎತ್ತಿದೆ. ಸಾಹೇಬರು ಎರಡು ಮೊಳ ದೂರದಲ್ಲಿದ್ದರು.

"ಸಾಹೇಬ್ರ, ಈ ತಾರೀಖಿನ್ಯಾಗ ಫರಕ್ ಅದ್ರಿ. ಹುಡುಗಿಗಿ ಹದಿನಾಲ್ಕು ದಾಟ್ಯದ."

ನಾರಾಯಣಖೇಡದವನು ನನ್ನ ಅಂಗಿಯ ತುದಿ ಜಗ್ಗಿ, "ಹುಚ್ಚ ಹಿಡದದೇನು ಮಾಸ್ತರ?" ಎಂದು ಪಿಸುಗುಟ್ಟಿದ.

ಸಾಹೇಬರು ಕನ್ನಡಕ ಮೇಲಕ್ಕೆ ಸರಿಸಿ, "ಹಂಗಾರ ಇದನ್ನ ಬರ್ದವ್ರು ಯಾರು?" ಅಂದರು.

ಒಂದು ಕ್ಷಣ ಸಾಕಾಗಿತ್ತು. ಸಸ್ಪೆಂಡ್, ವಿಚಾರಣೆ, ಪಿಂಚಣಿ, ಮಗಳ ಮದುವೆ, ಎಲ್ಲಾ ಆ ಒಂದೇ ಕ್ಷಣದಲ್ಲಿ ತಲೆಯಲ್ಲಿ ಹಾದುಹೋದವು.

"ಹಳೇ ಮಂದಿ ಯಾರೋ ಇರಬೇಕ್ರಿ," ಅಂದೆ.

ಹುಡುಗಿ ನನ್ನ ಬಗಲಿಗೇ ನಿಂತಿದ್ದಳು. ಸಾಹೇಬರು ಅವಳ ಕಾಗದವನ್ನು ಬೇರೆ ಇಟ್ಟರು. ಚಕ್ರ ಎಸೆತಕ್ಕಿದ್ದ ಒಂದೇ ಸೀಟು ಜೂನ್ ಒಂದರ ಆ ಎತ್ತರದ ಹುಡುಗಿಗೆ ಹೋಯಿತು.

ತಿರುಗಿ ಬರುವ ಬಸ್ಸಿನಲ್ಲಿ ಅವಳು ಮತ್ತೆ ಕಿಟಕಿಗೆ ಕೂತಳು. ಮುಂದಿನ ತಿಂಗಳು ಹದಿನೇಳರ ಒಳಗಿನವರ ಆಟ ಇದೆ, ಇನ್ನೂ ವರ್ಷ ಇದೆ, ಎಂದೆಲ್ಲಾ ನಾನೇ ಹೇಳುತ್ತಿದ್ದೆ. ಹಾಸ್ಟೆಲಿಗೆ ತೆಗೆದುಕೊಳ್ಳುವುದು ಹದಿನಾಲ್ಕರ ಒಳಗೆ ಮಾತ್ರ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮನೆಯಲ್ಲಿ ಹೆಂಡತಿಯ ಮುಂದೆ ಎಲ್ಲಾ ಹೇಳಿದೆ. ಮೆಚ್ಚುತ್ತಾಳೆ ಎಂದೇ ಇತ್ತು ನನಗೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿ ಕೇಳಿದಳು.

"ಆ ಟಿವ್ಯಾಗಿನ ಆಕಿ, ಯಾರ ಚೆಂಡು ಅಲ್ಲಾಡ್ತು ಅಂದ್ಲು?"

"ತನ್ನ ಚೆಂಡೇ."

"ದಂಡ ಯಾರು ತುಂಬಿದ್ರು?"

"ಆಕೀನೇ."

"ಮತ್ತ ನಿಮ್ ದಂಡ ನಿಮ್ ಮಗಳ ವಾರಗೀ ಹುಡುಗಿ ಯಾಕ ತುಂಬಿದ್ಲು?"

ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ನನಗೆ ಬಡಿಸಿದಳು, ಮಾತಾಡಿಸಲಿಲ್ಲ.

ಮೂರನೆಯ ದಿನ ತಾಯಿ ಶಾಲೆಗೆ ಬಂದಳು, ಮಗಳೂ ಹಿಂದೆ ಇದ್ದಳು. ಹೊಲದಿಂದ ನೇರ ಬಂದಂತೆ ಕಾಲಿಗೆ ಕರಿಮಣ್ಣು, ಕೈಯಲ್ಲಿ ಒಂದು ಹೊರೆ ಹಸಿ ಕಡಲೆಗಿಡ. ಅದನ್ನು ನನ್ನ ಮೇಜಿನ ಮೇಲೆ ಇಟ್ಟಳು.

"ಸರ್, ಇಕಿ ಏನೂ ಸರಿ ಹೇಳವಲ್ಲಳ್ರಿ. ತಾರೀಖು ತಪ್ಪ್ಯದಂತ ತಾಂಡೂರ್ ಸಾಹೇಬ್ರು ಅಂದ್ರಂತ. ಅದನ್ನ ಬರ್ದವ್ರು ನೀವಲ್ಲೇನ್ರಿ? ನನ್ ಕಣ್ಣ ಮುಂದ ಬರ್ದೀರಿ. ನೀವು ಬರ್ದದ್ದು ತಪ್ಪು ಹೆಂಗಾಗ್ತದ? ನಮ್ ಮಂದೀದು ಅಂದ್ರ ಅವ್ರಿಗಿ ಎಲ್ಲಾ ತಪ್ಪೇ ಕಾಣ್ತದ. ನೀವು ನಮ್ ಕಡಿಂದ ಜಗಳಾಡಿರಬೇಕು, ನನಗ ಗೊತ್ತದ."

ನಾನು ಹುಡುಗಿಯ ಕಡೆ ನೋಡಿದೆ. ಅವಳು ಎಲ್ಲಾ ಕೇಳಿದ್ದಳು, ಕೈ ಎತ್ತಿದ್ದನ್ನೂ, "ಹಳೇ ಮಂದಿ" ಅಂದದ್ದನ್ನೂ. ಈಗ ಹೇಳುತ್ತಾಳೆ ಎಂದು ಕಾದೆ. ಹೇಳಿಬಿಡಲಿ ಎಂದೂ ಅನಿಸಿತು, ನನ್ನ ಕೆಲಸ ಹಗುರಾಗುತ್ತಿತ್ತು. ಅವಳು ಕಿಟಕಿಯ ಆಚೆ ನೋಡುತ್ತಾ ನಿಂತಳು. ತಾಯಿಯ ಮುಂದೆ ನನ್ನ ಮಾನ ಉಳಿಸುತ್ತಿದ್ದಳೋ, ತಾಯಿಗೆ ಇನ್ನೊಂದು ಪೆಟ್ಟು ಬೇಡ ಎಂದಿದ್ದಳೋ ತಿಳಿಯಲಿಲ್ಲ.

"ಅವರ ರೂಲ್ಸ್ ಹಂಗ ಅದ ಅವ್ವಾ," ಅಂದೆ.

ಕಡಲೆಗಿಡವನ್ನು ಮನೆಗೆ ಒಯ್ದೆ. ಹೆಂಡತಿ ಯಾರು ಕೊಟ್ಟರು ಎಂದು ಕೇಳಿದಳು. ಬಜಾರಿನಿಂದ ತಂದೆ ಅಂದೆ.

ಆ ಅಮೆರಿಕದವಳು ಅದೇ ವರ್ಷ ಆಟ ನಿಲ್ಲಿಸಿದಳು. ಬೀಳ್ಕೊಡುವಾಗ ಅವಳು ಗೆದ್ದ ಕಪ್ಪುಗಳನ್ನೆಲ್ಲಾ ತೋರಿಸಿದರು, ಆ ಹುಲ್ಲು, ಆ ಮರವನ್ನೂ ತೋರಿಸಿದರು. ಪೂರ್ತಿ ನೋಡಲಾಗಲಿಲ್ಲ. ಈಗ ಮುಂಜಾನೆ ಮತ್ತೆ ಸುದ್ದಿ ನೋಡುತ್ತೇನೆ. ಬಿಪಿ ಏರಿದರೆ ಏರಲಿ.

ಹುಡುಗಿ ಮೈದಾನಕ್ಕೆ ಬರುವುದು ಬಿಟ್ಟಳು. ಯಾಕೆ ಎಂದು ಒಂದು ದಿನ ವರಾಂಡದಲ್ಲಿ ನಿಲ್ಲಿಸಿ ಕೇಳಿದೆ. "ನನಗ ವಯಸ್ಸಾತ್ರಿ ಸರ್," ಅಂದಳು. ಜೊತೆಯ ಹುಡುಗಿಯರು ನಕ್ಕರು, ಅವಳು ನಗಲಿಲ್ಲ.

ಹತ್ತನೆಯ ತರಗತಿಗೆ ಬಂದಾಗ ಹದಿನೇಳರ ಒಳಗಿನವರ ಫಾರ್ಮು ಬಂತು. ಹಾಸ್ಟೆಲು ಇಲ್ಲ, ಬರೀ ಆಟ. ಆದರೂ ತೆಗೆದುಕೊಂಡು ಅವಳ ತರಗತಿಗೇ ಹೋದೆ, ನನ್ನ ಪೆನ್ನೂ ಕೊಟ್ಟೆ. ಹೆಸರಿನ ಕಡೆಯೂ ಹೋಗದೆ ಅವಳ ಬೆರಳು ನೇರ ಜನ್ಮದಿನದ ಸಾಲಿನ ಮೇಲೆ ನಿಂತಿತು.

"ಯಾವ ತಾರೀಖು ಬರೀಲಿ ಸರ್?"

ತರಗತಿಯಲ್ಲಿ ನಲವತ್ತು ಮಕ್ಕಳಿದ್ದರು. ನಾನೇ ಬರೆದದ್ದು, ನಂದೇ ತಪ್ಪು ಎಂದು ಹೇಳಲು ಅಷ್ಟು ಒಳ್ಳೆಯ ಜಾಗ ಇನ್ನೊಂದು ಸಿಗುವುದಿಲ್ಲ.

"ಅದೊಂದು ಖಾಲಿ ಬಿಡವ್ವಾ, ಆಮ್ಯಾಲ ನೋಡಮು," ಅಂದೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಇಡೀ ಫಾರ್ಮನ್ನು ಹಾಗೇ ಖಾಲಿ ಬಿಟ್ಟು, ಪೆನ್ನಿನ ಜೊತೆಗೆ ನನ್ನ ಕೈಗೆ ಕೊಟ್ಟು ಕೂತುಕೊಂಡಳು.