ಭರ್ತಿ ಭಾವ ಬಿಟ್ಟ ಸಂದು

ಭರ್ತಿ ಭಾವ ಮನೆ ಸಾಮಾನು ತುಂಬುತ್ತಿದ್ದ ಬಾಡಿಗೆ ವ್ಯಾನು ಅವನ ಹೆಂಡತಿಯ ತಮ್ಮನದು. ಆ ತಮ್ಮ "ಭಾವ, ಭಾವ" ಎಂದು ಕೂಗುವುದನ್ನು ಕೇಳಿ ಹಮಾಲರೂ ಹಾಗೇ ಕರೆದರು, ಗಿರಾಕಿಗಳೂ ಕರೆದರು. ವ್ಯಾನು ಭರ್ತಿ ಮಾಡುವ ಕೆಲಸ ಅವನದಾದ್ದರಿಂದ ಕೊನೆಗೆ ಎಲ್ಲರಿಗೂ ಭರ್ತಿ ಭಾವನೇ ಆಗಿಬಿಟ್ಟ.

ದೇವರು ಒಬ್ಬೊಬ್ಬರಿಗೆ ಒಂದೊಂದು ವರ ಕೊಡುತ್ತಾನೆ. ಇವನಿಗೆ ಕೊಟ್ಟದ್ದು ಸಂದು ಕಾಣುವ ಕಣ್ಣು. ಬೀರುವಾಗಲಿ, ಮಿಕ್ಸಿಯಾಗಲಿ, ಮನಸ್ಸಿನಲ್ಲೇ ಅತ್ತಿತ್ತ ತಿರುಗಿಸಿ ಅದು ಎಲ್ಲಿ ಕೂರುತ್ತದೆಂದು ಹೇಳಿಬಿಡುತ್ತಿದ್ದ. ಅವನು ತುಂಬಿದ ವ್ಯಾನಿನಲ್ಲಿ ಇರುವೆ ಮಗ್ಗುಲು ಬದಲಿಸಲೂ ಜಾಗವಿರುತ್ತಿರಲಿಲ್ಲ.

ಆ ಕಣ್ಣನ್ನು ಪಳಗಿಸಿದ್ದು ಒಂದು ಹಳೆಯ ಕಂಪ್ಯೂಟರು. ಮದುವೆಯಾದ ಹೊಸದರಲ್ಲಿ ಯಾವುದೋ ಆಫೀಸು ಜಾಗ ಬದಲಿಸುವಾಗ ಬೇಡವೆಂದು ಬಿಟ್ಟದ್ದು. ಪರದೆಗೆ ಬೆನ್ನ ಹಿಂದೆ ದೊಡ್ಡ ಹೊಟ್ಟೆ. ಒಳಗಿದ್ದದ್ದು ಒಂದೇ ಆಟ. ಮೇಲಿನಿಂದ ಇಟ್ಟಿಗೆ ತುಂಡುಗಳು ಬೀಳುತ್ತವೆ, ಅವನ್ನು ತಿರುಗಿಸಿ ಸಂದಿಗೆ ಕೂರಿಸಬೇಕು, ಸಾಲು ತುಂಬಿದರೆ ಅದು ಮಾಯ. ಭಾವ ಒಂದು ಅಂಚಿನಲ್ಲಿ ಸಂದು ಬಿಟ್ಟುಕೊಂಡು, ಉದ್ದನೆಯ ಕೋಲಿನಂಥ ತುಂಡು ಬರಲೆಂದು ಕಾಯುತ್ತಿದ್ದ. ಅದು ಬಂದು ನಾಲ್ಕು ಸಾಲು ಒಟ್ಟಿಗೇ ಕರಗಿದರೆ ಹಬ್ಬದೂಟ ಉಂಡಷ್ಟು ಖುಷಿ.

ಭಾವಮೈದುನ ಅದೇ ಆಟವನ್ನು ಮೊಬೈಲಿನಲ್ಲಿ ಹಾಕಿಕೊಟ್ಟಿದ್ದ.

"ಗಾಜು ಸವರೋದು ಒಂದು ಆಟವೇನೋ? ನೆಲ ಒರೆಸಿದ ಹಾಗಿದೆ" ಎಂದ ಭಾವ. "ಕೀ ಒತ್ತಿದ್ರೆ ಟಕ್ ಅನ್ನಬೇಕು. ಬೆರಳಿಗೆ ಸಮಾಧಾನ ಆಗಬೇಕು."

ವ್ಯಾನಿನಲ್ಲೂ ಅದೇ ಅಭ್ಯಾಸ. ಬಲಗೋಡೆಗೆ ಉದ್ದಕ್ಕೂ ಒಂದು ಸಂದು ಬಿಡುತ್ತಿದ್ದ. ಯಾವ ಮನೆಯಲ್ಲಾದರೂ ಕೊನೆಗೆ ಒಂದು ಏಣಿಯೋ, ಸುತ್ತಿದ ಚಾಪೆಯೋ ಬಂದೇ ಬರುತ್ತಿತ್ತು. ಒಮ್ಮೆ ಇಟ್ಟದ್ದನ್ನು ಮತ್ತೆ ತೆಗೆದವನಲ್ಲ. "ಬಿದ್ದ ಇಟ್ಟಿಗೆ ಬಿದ್ದದ್ದೇ" ಎನ್ನುತ್ತಿದ್ದ.

ಹೀಗಿರುವಾಗ ಅವನದೇ ಮನೆ ಬದಲಿಸುವ ದಿನ ಬಂತು. ಹೊಸ ಮನೆ ಚಿಕ್ಕದು. ವ್ಯಾನಿಗೆ ಮಧ್ಯಾಹ್ನ ಬೇರೆ ಬಾಡಿಗೆ. ಹೆಂಡತಿ ಬೆಳಿಗ್ಗೆಯೇ ಷರತ್ತು ಹಾಕಿದಳು. "ಎಲ್ಲಾ ಒಂದೇ ಸಲಕ್ಕೆ ಹಿಡಿದ್ರೆ ನಿಮ್ಮ ಕಂಪ್ಯೂಟರ್ ಡಬ್ಬಾನೂ ಬರಲಿ. ಇಲ್ದಿದ್ರೆ ಗುಜರಿಗೆ. ಗುಜರಿಯವನಿಗೆ ಬರೋಕೆ ಹೇಳಿದೀನಿ."

"ಹಿಡಿಯಲ್ವಾ? ನಾನ್ಯಾರು ಅಂದ್ಕೊಂಡೆ?"

ಮಂಚ, ಬೀರು, ಹೊಲಿಗೆ ಯಂತ್ರ, ಪಾತ್ರೆಯ ಮೂಟೆ ಒಂದಕ್ಕೊಂದು ಅಂಟಿ ಕೂತವು. ಬಲಕ್ಕೆ ಸಂದು. ಬಾಗಿಲ ಬಳಿ ಕಂಪ್ಯೂಟರಿಗೂ, ಅವನು ಕೂತು ಆಡುವ ಮರದ ಕುರ್ಚಿಗೂ ಜಾಗ. ಆದರೆ ಕಂಪ್ಯೂಟರು ಇಟ್ಟು ನೋಡಿದರೆ ಪರದೆಯ ಹೊಟ್ಟೆ ಒಂದು ಗೇಣು ಹೊರಗೆ. ಬಾಗಿಲು ಮುಚ್ಚುತ್ತಿಲ್ಲ.

"ಏಣಿ ತಗೊಂಡು ಬಾರೋ, ಆಮೇಲೆ ನೋಡೋಣ" ಎಂದ ಭಾವ, ಹಣೆ ಒರೆಸಿಕೊಳ್ಳುತ್ತ.

"ಯಾವ ಏಣಿ?" ಎಂದಳು ಹೆಂಡತಿ. "ಹೊಸ ಮನೇಲಿ ಅಟ್ಟ ಇಲ್ಲ ಅಂತ ನಿನ್ನೆನೇ ಪಕ್ಕದ ಮನೆಯವರಿಗೆ ಕೊಟ್ಟೆ."

"ಮತ್ತೆ ಚಾಪೆ?"

"ಹರಿದಿತ್ತು, ಎಸೆದೆ."

ಭಾವಮೈದುನ ಬಾಯಿಗೆ ಟವೆಲು ಅಡ್ಡ ಹಿಡಿದು ನಕ್ಕ. "ಲೋಕದ ಮನೆಗಳಲ್ಲಿ ಏನಿದೆ ಅಂತೆಲ್ಲ ಗೊತ್ತು ಭಾವಂಗೆ. ತಮ್ಮ ಮನೇಲೇ ಏನಿಲ್ಲ ಅಂತ ಗೊತ್ತಿಲ್ಲ!"

ಬಲಕ್ಕೆ ಖಾಲಿ ಸಂದು ಬಾಯಿ ಬಿಟ್ಟುಕೊಂಡು ನಿಂತಿತ್ತು. ಎಲ್ಲವನ್ನೂ ಅತ್ತ ಸರಿಸಿದರೆ ಜಾಗವಾದೀತು. ಆದರೆ ಸರಿಸಲು ಇಳಿಸಬೇಕು. ಗುಜರಿಯವನು ಗಾಡಿ ತಳ್ಳಿಕೊಂಡು ಬಂದೇಬಿಟ್ಟ. ಪರದೆಯನ್ನು ಬೆರಳಲ್ಲಿ ಕುಟ್ಟಿ ನೋಡಿದ.

"ಕೈ ತೆಗಿ!" ಎಂದ ಭಾವ. ಅಂಗಿಯ ತೋಳು ಮಡಚಿ ಪಾತ್ರೆಯ ಮೂಟೆ ಇಳಿಸಿದ.

"ಭಾವ, ಬಿದ್ದ ಇಟ್ಟಿಗೆ..." ಎಂದು ಭಾವಮೈದುನ ರಾಗ ಎಳೆದ.

"ಬಾಯಿ ಮುಚ್ಕೊಂಡು ಬೀರು ಹಿಡಿಯೋ."

ಹಮಾಲರು ಕಣ್ಣರಳಿಸಿ ನೋಡುತ್ತಿರುವಂತೆಯೇ ಇಡೀ ವ್ಯಾನು ಖಾಲಿಯಾಯಿತು, ಮತ್ತೆ ತುಂಬಿತು. ಈ ಸಲ ಪರದೆಯ ಹೊಟ್ಟೆ ಒಳಗೆ ಸೇರಿತು, ಆದರೆ ಕುರ್ಚಿಯ ಜಾಗವನ್ನೂ ನುಂಗಿತು. ಹೊರಗುಳಿದದ್ದು ಕುರ್ಚಿ. ಇಷ್ಟು ವರ್ಷ ಅವನ ಬೆನ್ನನ್ನು ಹೊತ್ತದ್ದು. ಭಾವ ಅದರ ಕೈ ಸವರಿದ, ಆಕಾಶ ನೋಡಿದ, ಆಮೇಲೆ ತಾನೇ ಎತ್ತಿ ಗುಜರಿಯವನ ಗಾಡಿಗಿಟ್ಟ.

"ಅಯ್ಯೋ, ಅದ್ಯಾಕ್ರೀ ಕೊಟ್ರಿ? ನನ್ನ ತೊಡೆ ಮೇಲಾದ್ರೂ ಇಟ್ಕೋತಿದ್ದೆ" ಎಂದಳು ಹೆಂಡತಿ.

"ನಿನ್ನ ತೊಡೆ ಮೇಲೆ ದೇವರ ಪಟ ಕೂರುತ್ತಲ್ಲೇ. ಅದನ್ನ ಇಳಿಸೋಕಾಗುತ್ತಾ?"

ಹೊಸ ಮನೆಯಲ್ಲಿ ಪಟಕ್ಕೆ ಗೋಡೆಯಲ್ಲಿ ಮೊಳೆ ಹೊಡೆದಾಯಿತು. ಆಮೇಲೆ ಒಲೆಗಿಂತ ಮೊದಲು ಕಂಪ್ಯೂಟರಿಗೇ ತಂತಿ ಸಿಕ್ಕಿಸಿದ. ಅದು ಗೊರ್ರೆಂದು ಕೆಮ್ಮಿತು, ಪರದೆ ಬೆಳಗಿತು. ಭಾವ ಸ್ನಾನದ ಬಕೆಟ್ಟನ್ನು ಬೋರಲು ಹಾಕಿ ಕೂತ. ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಟಕ್, ಟಕ್.

"ರೀ, ನಲ್ಲೀಲಿ ನೀರು ಬಂತು. ಬಕೆಟ್ ಕೊಡಿ."

"ಈ ಸಾಲು ಒಂದು ಆಗಲಿ."

"ನೀರು ನಿಂತು ಹೋಗುತ್ತೆ ರೀ!"

ಭಾವ ಕಣ್ಣು ಕೀಳದೆ ಅರ್ಧ ಮೇಲೆದ್ದ. ಅವಳು ಅವನ ಕೆಳಗಿನಿಂದ ಬಕೆಟ್ಟು ಎಳೆದುಕೊಂಡಳು. ಅವನು ಹಾಗೇ, ಇಲ್ಲದ ಕುರ್ಚಿಯ ಮೇಲೆ ಕೂತವನಂತೆ, ಮಂಡಿ ಬಗ್ಗಿಸಿ ಆಡುತ್ತಲೇ ಇದ್ದ.